ಬಾಗ್ನಾನ್ ಬರಲೇ ಇಲ್ಲ

ಹೌರಾದಿಂದ ಹೊರಟ ಲೋಕಲ್ಲು ಬಾಗ್ನಾನ್ ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ನಿಂತಾಗಲೆಲ್ಲ ರೋಹಿತನಿಗೆ ಇಂದಿಗೂ ಮೊಣಕಾಲು ಜುಮ್ಮೆನ್ನುತ್ತದೆ. ಜೊತೆಗೆ ನಗುವೂ ಬರುತ್ತದೆ.

2007ರ ಚಳಿಗಾಲ. ಹೀರೋ ಬಂದಮೇಲೆ ಇಂಟರ್ವೆಲ್ ಇಲ್ಲ, ಐವತ್ತು ಓಡಿಯೇ ತೀರುತ್ತೇನೆ ಎಂದು ಸೆಕ್ಟರ್ ಫೈವ್‌ನ ಆಫೀಸ್ ಕ್ಯಾಂಟೀನಿನಲ್ಲಿ ಡೈಲಾಗ್ ಹೊಡೆದ ರೋಹಿತ, ಓಟದ ಸ್ಪರ್ಧೆಯ ಅರ್ಜಿಯಲ್ಲಿ ಐವತ್ತು ಕಂಡ ಕಡೆ ಟಿಕ್ ಹಾಕಿ ಬಂದಿದ್ದ. ರಸೀದಿಯನ್ನು ಸರಿಯಾಗಿ ಓದಿದವರು ಅಪ್ಪ ಕಲ್ಲಪ್ಪ. ಧಾರವಾಡದಿಂದ ಬಂದು ಮೂವತ್ತು ವರ್ಷ ಗೂಡ್ಸ್ ಗಾರ್ಡ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದ ಅವರಿಗೆ ದೂರವೆಂದರೆ ಹೌರಾದಿಂದ ಎಣಿಸುವ ಸ್ಟೇಷನ್ನುಗಳು.

"ಮ್ಯಾರಥಾನ್ ನಲವತ್ತೆರಡು, ಬಾಗ್ನಾನಕ್ಕ ಸ್ವಲ್ಪ ಈಚೆ. ಅದಕ್ಕಿಂತ ಹೆಚ್ಚಾದ್ರ ಅಲ್ಟ್ರಾ ಅಂತಾರಂತ. ಐವತ್ತು ಕಿಲೋಮೀಟರ್ ಅಂದ್ರ ಬಾಗ್ನಾನ್ ದಾಟಿ ಒಂದೀಟು ಮುಂದ. ನೀ ಟಿಕ್ ಹಾಕಿದ್ದು ಐವತ್ತು ಮೈಲು. ಎಂಬತ್ತು ಕಿಲೋಮೀಟರ್. ಪಾಂಶ್ಕುಡಾನೂ ದಾಟಬೇಕಲೋ ಮಗನ."

ರೋಹಿತ ಒಂದು ಕ್ಷಣ ಬೆವರಿ, ಮರುಕ್ಷಣ ಚೇತರಿಸಿಕೊಂಡ. "ಆಫೀಸಿನ್ಯಾಗ ಮೈಲು ಯಾರಿಗೆ ಗೊತ್ತದಪ್ಪಾ. ಬಾಗ್ನಾನ್ ದಾಟಿದ ಕೂಡ್ಲೇ ಇಳದಬಿಡ್ತೀನಿ. ಐವತ್ತು ಓಡಿದೆ ಅಂದ್ರ ಸುಳ್ಳಲ್ಲ."

ಕಲ್ಲಪ್ಪ ಟ್ರಂಕಿನಿಂದ ತಮ್ಮ ಹಳೆಯ ಸೀಟಿ ತೆಗೆದು ಒರೆಸಿದರು.

ಓಟ ಕೆರೆಯ ಸುತ್ತ. ಎರಡು ಕಿಲೋಮೀಟರಿನ ದಾರಿ, ನಲವತ್ತು ಸುತ್ತು. ಎಣಿಸುವವರನ್ನು ಓಟಗಾರರೇ ಕರೆತರಬೇಕು. ಮಂಕಿ ಕ್ಯಾಪ್ ತೊಟ್ಟು, ಮಡಿಲಲ್ಲಿ ನೋಟ್‌ಬುಕ್ಕಿಟ್ಟು ಕೂತ ಕಲ್ಲಪ್ಪ ಪ್ರತಿ ಸುತ್ತಿಗೂ ಸೀಟಿ ಊದಿ ಸ್ಟೇಷನ್ ಕೂಗಿದರು. ಸಾಂತ್ರಾಗಾಛಿ, ಆಂದುಲ್ ಸರಾಗವಾಗಿ ಬಂದವು. ಉಲುಬೇರಿಯಾ ದಾಟುವ ಹೊತ್ತಿಗೆ ರೋಹಿತನಿಗೆ ಲೆಕ್ಕವೂ ಉಳಿದಿರಲಿಲ್ಲ, ಡೈಲಾಗೂ ಉಳಿದಿರಲಿಲ್ಲ.

"ಬಾಗ್ನಾನ್ ಬಂತೇನಪ್ಪಾ?"

"ಗಾಡಿ ಸ್ಟೇಷನ್ ಹೊರಗ ಔಟರ್‌ನ್ಯಾಗ ನಿಂತದ. ಸಿಗ್ನಲ್ ಕೊಟ್ಟಿಲ್ಲ."

ಮುಂದಿನ ಸುತ್ತಿಗೂ ಅದೇ ಉತ್ತರ. ಅದರ ಮುಂದಿನದಕ್ಕೂ. ರೈಲ್ವೆಯನ್ನೇ ಬೈಯುತ್ತ ರೋಹಿತ ಕಾಲೆಳೆದುಕೊಂಡು ಹೋದ. ಮಧ್ಯಾಹ್ನ ಸೀಟಿ ಉದ್ದಕ್ಕೆ ಕೇಳಿಸಿತು.

"ಮೇಚೇದಾ."

ರೋಹಿತ ನಿಂತೇಬಿಟ್ಟ. ಮೇಚೇದಾ ಎಂದರೆ ಐವತ್ತೆಂಟು. ನಡುವೆ ಬಾಗ್ನಾನ್ ಎಲ್ಲಿ ಹೋಯಿತೆಂದು ಕೇಳಿದ.

"ನಿಲ್ಲಿಸಿದ್ರ ನೀ ಇಳೀತಿದ್ದಿ," ಎಂದರು ಕಲ್ಲಪ್ಪ. "ಇನ್ನ ಹನ್ನೊಂದ ಸುತ್ತು. ನಡೀ, ಹಿಂದ ಗಾಡಿ ಬರಲಿಕ್ಕತ್ತಾವ."

ಹನ್ನೊಂದರಲ್ಲಿ ಎಂಟನ್ನು ಅವನು ನಡೆದೇ ಮುಗಿಸಿದ. ಸಂಜೆ ಕೊನೆಯ ಸುತ್ತಿಗೆ ಅಪ್ಪ ಎದ್ದುನಿಂತು ಹಸಿರು ಬಾವುಟ ಹಿಡಿದಿದ್ದರು.

ಆ ನೋಟ್‌ಬುಕ್ಕು ಈಗ ರೋಹಿತನ ಬಳಿ ಇದೆ. ಅಪ್ಪನ ಸುಳ್ಳು ಬಾಯಲ್ಲಷ್ಟೇ, ಪುಸ್ತಕದಲ್ಲಿಲ್ಲ. ಇಪ್ಪತ್ತಮೂರನೇ ಸುತ್ತಿನ ಎದುರು, ನಿಲ್ಲದೆ ಹಾಯುವ ಗಾಡಿಗೆ ಗಾರ್ಡುಗಳು ಬರೆಯುವ ಹಾಗೆ ಬರೆದಿದ್ದಾರೆ: ಬಾಗ್ನಾನ್, 11.42, ಥ್ರೂ.