ಟ್ಯಾಂಕಿನ ಮೇಲಿದ್ದ ಗೆರೆ

ನೊಣ ಕೂತೀತು, ಅಗೋ ಕೂತೇಬಿಟ್ಟಿತು ಎಂದು ಪಾಲಿಶ್ ಮೇಸ್ತ್ರಿ ಉಸಿರು ಬಿಗಿಹಿಡಿದ, ಇಲ್ಲ, ಮೋಟಾರ್ ಸೈಕಲ್ಲಿನ ಟ್ಯಾಂಕಿನ ಕಪ್ಪು ಹೊಳಪಿನಲ್ಲಿ ತನ್ನನ್ನೇ ಕಂಡು ಬೆದರಿದಂತೆ ಅದು ಹಾರಿಹೋಯಿತು, ಕೂತಿದ್ದರೂ ಏನಾಗುತ್ತಿತ್ತು, ಬಳಿದ ಲ್ಯಾಕರ್ ಬಣ್ಣ ಮೇಲ್ಮೇಲೆ ಒಣಗಿ ವಾರವಾಯಿತು, ಆದರೆ ಮೇಲೆ ಒಣಗುವುದು ಬೇರೆ, ಒಳಗೆ ಒಣಗುವುದು ಬೇರೆ, ಒಳಗಿನ ತಿನ್ನರ್ ಇನ್ನೂ ಸದ್ದಿಲ್ಲದೆ ಹೊರಗೆ ಬರುತ್ತಲೇ ಇದೆ, ಮೂಗು ಹತ್ತಿರ ತಂದರೆ ಗೊತ್ತಾಗುತ್ತದೆ, ತಂದ, ಇದೆ, ತಲೆ ತಿರುಗಿಸುವ ಆ ಸಿಹಿ ವಾಸನೆ ಇದೆ, ಅಂದರೆ ಬಟ್ಟೆ ಹೊದಿಸುವಂತಿಲ್ಲ, ಮೇಣ ಹಚ್ಚುವಂತಿಲ್ಲ, ಸೋಪಿನ ನೀರು ಸೋಕಿಸುವಂತಿಲ್ಲ, ಪೆಟ್ರೋಲಿನ ಒಂದು ಹನಿ ಬಿದ್ದರೂ ಸುಕ್ಕುಗಟ್ಟೀತು — ಬಾಣಂತಿಗೂ ಇಷ್ಟು ಪಥ್ಯ ಇರಲ್ಲ ಬಿಡಿ ಅಂದಿದ್ದಳು ಹೆಂಡತಿ, ನಕ್ಕಿದ್ದಳು, ಅವನೂ ನಕ್ಕಿದ್ದ, ಹುಡುಗಿ ಆಗಿನ್ನೂ ತರಬೇತಿ ಮುಗಿಸಿ ಬಂದಿರಲಿಲ್ಲ. ಲಿಫ್ಟ್ ರಿಪೇರಿಯ ತರಬೇತಿ, ಹೆಣ್ಣುಮಕ್ಕಳಲ್ಲಿ ಇವಳೊಬ್ಬಳೇ, ಬಂದವಳು ತೀರಿಹೋದ ಅಪ್ಪನ ಮೋಟಾರ್ ಸೈಕಲ್ ಹತ್ತಿಕೊಂಡೇ ಕೆಲಸಕ್ಕೆ ಹೋಗುತ್ತಾಳಂತೆ, ಹೋಗಲಿ, ಆದರೆ ಈ ಗೀರು, ಈ ತುಕ್ಕು, ಈ ಮಾಸಿದ ಬಣ್ಣದಲ್ಲಿ ಯಾಕೆ, ಮನೆಯಲ್ಲಿ ಪಾಲಿಶ್ ಮಾಡುವವನೊಬ್ಬ ಇದ್ದೂ ಯಾಕೆ — ಊರವರ ಮೇಜು, ಮಂಚ, ಬೀರುಗಳಿಗೆಲ್ಲ ಮುಖ ಕಾಣುವ ಹಾಗೆ ಹೊಳಪು ಕೊಟ್ಟ ಕೈ, ಮರವಾದರೇನು ಲೋಹವಾದರೇನು. ಈ ಮನೆಗೆ ಅವನು ಬಂದು ಮೂರು ವರ್ಷ, ಅವಳ ತಾಯಿಯನ್ನು ಕಟ್ಟಿಕೊಂಡು, ಅವಳು ಇಂದಿಗೂ ಕರೆಯುವುದು ಮೇಸ್ತ್ರಿ ಅಂತಲೇ, ಮೇಸ್ತ್ರಿ ಊಟ ಆಯ್ತಾ, ಮೇಸ್ತ್ರಿ ಛತ್ರಿ ಮರೆತ್ರಿ, ಮರ್ಯಾದೆಗೇನೂ ಕಡಿಮೆಯಿಲ್ಲ, ಅಪ್ಪ ಅನ್ನು ಅಂತ ಕೇಳುವುದಕ್ಕೆ ಅವನಿಗೇನು ಹುಚ್ಚೇ, ಆದರೂ ಕೈಯಾರೆ ಏನಾದರೂ ಒಂದು ಕೊಡಬೇಕು ಅನ್ನಿಸಿತ್ತು, ಅಷ್ಟೇ, ಅಷ್ಟೇ.

ಅಷ್ಟೇನಾ. ಹಳೆಯ ಬಣ್ಣ ಉಜ್ಜಲು ಕೂತ ಬೆಳಿಗ್ಗೆ ಟ್ಯಾಂಕಿನ ಎರಡೂ ಬದಿಗೆ ಕೂದಲೆಳೆಯಂಥ ಬಂಗಾರದ ಬಣ್ಣದ ಗೆರೆ ಕಂಡು ಕೈ ನಿಂತಿತ್ತು, ಇದನ್ನ ಯಾರು ಎಳೆದದ್ದು ಅಂತ ಅವನು ಕೂಗಿ ಕೇಳಿದ, ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಕ್ಲಿಪ್ಪು ಹಲ್ಲಿನಲ್ಲಿ ಕಚ್ಚಿಕೊಂಡೇ, ತಿರುಗಿಯೂ ನೋಡದೆ, ಕಂಪನಿಯಿಂದ್ಲೇ ಬಂದಿರ್ಬೇಕು, ಉಜ್ಜಿಹಾಕಿ ಅಂದಳು. ಕಂಪನಿಯ ಗೆರೆ ಉದ್ದಕ್ಕೂ ಒಂದೇ ದಪ್ಪ ಇರುತ್ತದೆ, ಇದು ಉಸಿರು ಹಿಡಿದಲ್ಲಿ ತುಸು ತೆಳ್ಳಗೆ, ಬಿಟ್ಟಲ್ಲಿ ತುಸು ತುಂಬಿಕೊಂಡು, ಕೊನೆಯಲ್ಲಿ ಮಣಿಕಟ್ಟು ಮೇಲೆತ್ತಿದ ಕಡೆ ಮೀನಿನ ಬಾಲದ ಹಾಗೆ ಚಿಮ್ಮಿ — ಅವನ ಹೆಬ್ಬೆರಳು ಅದರ ಮೇಲೆ ಎರಡು ಸಲ ಹೋಗಿ ಬಂತು, ಎಂಥ ಕೈ ಅಂದುಕೊಂಡ, ಹುಡುಗಿಯ ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವನು ಅನ್ನುವುದು ಅವನಿಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ಹೊಳೆಯಲಿಲ್ಲವೇ, ಹೊಳೆಯಿತು, ಬೆರಳಿಗೆ ಹೊಳೆಯಿತು, ತಲೆಗೆ ಹತ್ತಗೊಡಲಿಲ್ಲ, ಹೆಂಡತಿಯೇ ಹೇಳಿದಳಲ್ಲ ಅಂದುಕೊಂಡು ಚೆಂಬಿನಿಂದ ನೀರು ಬಿಟ್ಟು ಉಜ್ಜುಕಾಗದ ಒತ್ತಿದ, ನೀರು ಮೊದಲು ಕಪ್ಪಗೆ ಇಳಿಯಿತು, ಆಮೇಲೆ ಹಳದಿ, ಮಿನುಗುವ ತೆಳು ಹಳದಿ, ಚಪ್ಪಡಿಕಲ್ಲಿನ ಸಂದು ಹಿಡಿದು ಮೋರಿಯ ಕಡೆಗೆ.

ಮೊನ್ನೆ ಹುಡುಗಿ ಬಂದಳು, ಹೆಗಲ ಚೀಲ ಕೆಳಗಿಡಲಿಲ್ಲ, ಈ ಬದಿ ನೋಡಿದಳು, ಸುತ್ತು ಹಾಕಿ ಆ ಬದಿ ನೋಡಿದಳು, ಅಲ್ಲಾದರೂ ಇದ್ದೀತು ಅನ್ನುವ ಹಾಗೆ, ಆಮೇಲೆ ಯಾವಾಗ ಮುಟ್ಟಬಹುದು ಮೇಸ್ತ್ರಿ ಅಂದಳು, ಅಷ್ಟೇ, ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವತ್ತು ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಾ, ಬೆನ್ನು ಇವನ ಕಡೆಗೆ, ನನಗೆ ಗೊತ್ತಿತ್ತು ಅಂದಳು, ಅವರು ಅದನ್ನ ಎಳೀವಾಗ ದೀಪ ಹಿಡ್ಕೊಂಡು ನಿಂತಿದ್ದೋಳು ನಾನೇ, ದಿನಾ ಬಾಗಿಲು ತೆಗೆದ್ರೆ ಅದೇ ಗೆರೆ, ಸಾಕಾಗಿತ್ತು, ನಿಮಗೆ ಹೇಳಿದ್ರೆ ನೀವು ಉಜ್ತಾನೇ ಇರ್ಲಿಲ್ಲ, ಅವಳಿಗೆ ಹೇಳ್ಬೇಡಿ. ಹೇಳುವುದೇನನ್ನು. ಲ್ಯಾಕರ್ ಒಳ್ಳೆಯದು, ತಪ್ಪಿದರೆ ತಿನ್ನರಿಗೆ ಮತ್ತೆ ಕರಗುತ್ತದೆ, ಬೇರೆ ಬಣ್ಣಗಳ ಹಾಗೆ ಹಟ ಹಿಡಿಯುವುದಿಲ್ಲ, ತನ್ನ ಈ ಕಪ್ಪನ್ನೆಲ್ಲ ಈಗಲೇ ಒರೆಸಿ ತೆಗೆದುಬಿಡಬಹುದು, ತೆಗೆದರೆ ಅಡಿಯಲ್ಲಿ ಏನಿದೆ, ಬೋಳು ತಗಡು.

ಹೆಜ್ಜೆ ಸದ್ದು, ಹುಡುಗಿ, ಗಾಡಿಯ ಆಚೆ ಬದಿಗೆ ನಿಂತಳು, ನಡುವೆ ಟ್ಯಾಂಕು, ಅದರಲ್ಲಿ ಇಬ್ಬರ ಮುಖವೂ ಸೊಟ್ಟಗೆ, ಮೇಸ್ತ್ರಿ, ಇಲ್ಲೊಂದು ಗೆರೆ ಇತ್ತು, ಅಮ್ಮ ನಿಮಗೆ ಹೇಳ್ಲಿಲ್ವಾ. ಕಿಟಕಿಯ ಹಿಂದೆ ಪಾತ್ರೆಯ ಸದ್ದು ತಟ್ಟನೆ ನಿಂತದ್ದು ಇಬ್ಬರಿಗೂ ಕೇಳಿತು. ಅವಳಿಗೂ ಗೊತ್ತಿರ್ಲಿಲ್ಲಮ್ಮ, ನಾನೇ ಗಮನಿಸಲಿಲ್ಲ, ಧೂಳು ಕೂತಿತ್ತು ಅಂದ, ಕುರ್ಚಿಯ ಕಾಲಿನ ಗೀರನ್ನೂ ಗಮನಿಸ್ತೀರಲ್ಲ ನೀವು ಅಂದಳು ಅವಳು, ಮೆಲ್ಲಗೆ, ಕಿಟಕಿಯನ್ನೊಮ್ಮೆ ನೋಡಿ, ಅವನನ್ನು ನೋಡಿ, ಸರಿ ಬಿಡಿ, ಒರೆಸೋದು ಹೇಗೆ ಹೇಳಿಕೊಡಿ. ಅವನು ಹೆಗಲ ಮೇಲಿನ ಹತ್ತಿಬಟ್ಟೆ ಕೊಟ್ಟ, ಒತ್ತಬೇಡಮ್ಮ, ಒಣಬಟ್ಟೆ ಸಾಕು, ಒಂದೇ ದಿಕ್ಕಿಗೆ ಎಳಿ, ಬಟ್ಟೆಯಲ್ಲಿ ಒಂದು ಕಣ ಮರಳು ಸಿಕ್ಕಿದ್ರೂ ಗೀರು ಬೀಳುತ್ತೆ, ಕೊಡವಿಕೊಂಡು — ಅವಳು ಕೊಡವಿದಳು, ತಲೆಯಾಡಿಸಿದಳು, ಬಟ್ಟೆಯನ್ನು ತೋರುಬೆರಳಿಗೆ ಸುತ್ತಿಕೊಂಡು ಟ್ಯಾಂಕಿನ ಮುಂತುದಿಯಲ್ಲಿ ಇಟ್ಟಳು, ಎಳೆದಳು, ಎಲ್ಲಿ ಬಾಗಬೇಕೋ ಅಲ್ಲಿ ಬಾಗಿ, ಎಲ್ಲಿ ಉಸಿರು ಹಿಡಿಯಬೇಕೋ ಅಲ್ಲಿ ಹಿಡಿದು, ಅದೇ ದಾರಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಕೊನೆಗೆ ಮಣಿಕಟ್ಟು ಚೂರು ಮೇಲಕ್ಕೆ ಚಿಮ್ಮಿತು, ಹೀಗಾ ಮೇಸ್ತ್ರಿ, ಅವನು ಹೌದು ಅನ್ನಲು ಬಾಯಿ ತೆರೆದ, ಕಲ್ಲಿನ ಸಂದು, ಮೋರಿಯ ಬಾಯಿ, ಮಿನುಗುತ್ತಾ ಇಳಿಯುವ ಹಳದಿ ನೀರು, ಹಳದಿ ನೀರು