ಸೋಮಿಯ ಸೊಲ್ಲು

ಮಿರ್ಜಾನ ಕೋಟೆ ನೋಡಲು ಬರುವವರಲ್ಲಿ ಮುಕ್ಕಾಲು ಜನ ಕೋಟೆಗೆ ಬೆನ್ನು ಹಾಕಿಯೇ ನಿಲ್ಲುತ್ತಾರೆ. ಫೋಟೋದಲ್ಲಿ ತಮ್ಮ ಮುಖ ಬಂದರೆ ಸಾಕು. ಹದಿನೆಂಟು ವರ್ಷದಿಂದ ಇಲ್ಲಿ ಹುಲ್ಲು ಕೊಯ್ಯುವ ಈ ಮಂಜಿ ಅಂಥವರನ್ನು ಬೇಕಾದಷ್ಟು ನೋಡಿದ್ದಾಳೆ. ಕೋಟೆ ಬಿಟ್ಟರೆ ಅವರಿಗೆ ನನ್ನ ಕೊರಳಿನ ಮಣಿಸರದ ಫೋಟೋ ಬೇಕು. ಜೊತೆಗೆ ಹುಲ್ಲು ಕೊಯ್ಯುತ್ತಿದ್ದ ಸೋಮಿಯೂ ನಾನೂ ಅವರನ್ನು ಆಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಸೋಮಿ ಹೋಗಿ ಎಂಟು ತಿಂಗಳಾಯಿತು. ಜ್ವರವೆಂದು ಮಲಗಿದವಳು ಏಳಲಿಲ್ಲ.

ನಮ್ಮ ಹಾಡು ಒಬ್ಬರ ಹಾಡಲ್ಲ. ಒಬ್ಬಳು ಒಂದು ಸೊಲ್ಲು ಹೇಳಿ ನಿಲ್ಲಿಸಬೇಕು, ಇನ್ನೊಬ್ಬಳು ಅದನ್ನೇ ಎತ್ತಿಕೊಳ್ಳಬೇಕು. ಅವಳು ಎತ್ತಿಕೊಂಡ ಮೇಲೆಯೇ ಮುಂದಿನ ಸೊಲ್ಲು. ಮೂವತ್ತು ವರ್ಷ ನಾಟಿ ಗದ್ದೆಯಲ್ಲಿ, ಮದುವೆ ಚಪ್ಪರದಲ್ಲಿ ನನ್ನ ಸೊಲ್ಲು ಎತ್ತಿಕೊಂಡವಳು ಸೋಮಿ. ಈಗ ಅವಳ ಮುಖ ನೆನಪಿದೆ, ದನಿ ಮಾತ್ರ ದಿನಕ್ಕಿಷ್ಟು ಮರೆತುಹೋಗುತ್ತಿದೆ. ನನಗೆ ಅದೇ ಹೆದರಿಕೆ.

ಹೋದ ವರ್ಷ ಶಿವಮೊಗ್ಗದ ದಿವ್ಯಶ್ರೀ ಎಂಬ ಹುಡುಗಿ ಕೋಟೆಯ ಬಾವಿಕಟ್ಟೆಯ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಫೋನಿನಲ್ಲಿ ಹಾಡು ಹಿಡಿದುಕೊಂಡು ಹೋಗಿದ್ದಳು. ಮೊನ್ನೆ ಭಾನುವಾರ ಅದೇ ಹುಡುಗಿ ನಾಲ್ವರು ಗೆಳತಿಯರನ್ನು ಕಟ್ಟಿಕೊಂಡು ಮತ್ತೆ ಬಂದಳು. ನಾನು ಕತ್ತಿ ಬಿಸಾಡಿ ಅವಳತ್ತ ಓಡಿದೆ.

"ತಂಗೀ, ಸೋಮಿ ಹೋಗ್ಬಿಟ್ಲು. ಅವ್ಳ ದನಿ ಒಂದ್ಸಲ ಕೇಳ್ಸೆ. ಮತ್ತೆಂತದೂ ಬ್ಯಾಡ."

"ಅಯ್ಯೋ ಅಜ್ಜಿ..." ಎಂದವಳೇ ಫೋನು ತೆಗೆದು ಹುಡುಕಿದಳು. ಪರದೆಯ ಮೇಲೆ ಸೋಮಿ! ಅದೇ ಎಲೆಯಡಿಕೆಯ ಬಾಯಿ, ಅದೇ ಸೊಟ್ಟ ಹಲ್ಲು. ಪಕ್ಕದಲ್ಲಿ ನನ್ನ ಬಾಯಿ ಆಡಿತು, ನಿಂತಿತು. ಸೋಮಿ ಬಾಯಿ ತೆರೆದಳು. ಕೇಳಿಸಿದ್ದು ಮಾತ್ರ ಯಾವುದೋ ಕೊಳಲು, ಅದರ ಹಿಂದೆ ಡೋಲು.

"ಅವ್ಳ ದನಿ ಎಲ್ಲೋತು?"

"ಚೆನ್ನಾಗಿರ್ಲಿ ಅಂತ ಮ್ಯೂಸಿಕ್ ಹಾಕ್ಬಿಟ್ಟೆ ಅಜ್ಜಿ. ತುಂಬಾ ಜನ ನೋಡಿದಾರೆ. ಮೊದಲಿನದು... ಡಿಲೀಟ್ ಆಗೋಯ್ತು."

ಬೈಯಲು ನನ್ನಲ್ಲಿ ಮಾತಿಗೇನು ಬರವಿರಲಿಲ್ಲ. ಆದರೆ ಹುಡುಗಿಯ ಕಣ್ಣಲ್ಲಿ ನೀರು ಕಂಡು ಎಲ್ಲವನ್ನೂ ನುಂಗಿಕೊಂಡೆ. ಅವಳೇನು ಬೇಕೆಂದು ಮಾಡಿದ್ದಲ್ಲ.

"ಈಗ ಹಾಡಿ ಅಜ್ಜಿ," ಎಂದಳು. "ಈ ಸಲ ಏನೂ ಸೇರಿಸಲ್ಲ, ಹಾಗೇ ಇಟ್ಕೋತೀನಿ."

"ಆತು," ಎಂದೆ. ಹಾಡಿದರೆ ಅವಳ ದನಿ ನೆನಪಿಗೆ ಬಂದೀತೆಂಬ ಆಸೆ, ಇನ್ನೇನು! ಅದೇ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ ಮೊದಲ ಸೊಲ್ಲು ಹೇಳಿದೆ. ರೂಢಿಯಂತೆ ನಿಲ್ಲಿಸಿ ಕಾದೆ.

ಹಾಡು ಮುಗಿಯಿತೆಂದುಕೊಂಡು ಐವರೂ ಚಪ್ಪಾಳೆ ತಟ್ಟಿದರು.