ಎಲ್ಲ ಸಾಲಿಗೂ ಗೆರೆ

ಹೊಸ ಬಣ್ಣದ ವಾಸನೆ, ಇನ್ನೂ ಆರಿಲ್ಲ ಇದು, ಬೆರಳು ಸೋಕಿದರೆ ಅಂಟುತ್ತದೆ — ಸೇತುವೆಯ ಕೆಳಗಿನ ರಸ್ತೆಗೆ ಎರಡೂ ಕಡೆ ಹಗ್ಗ ಕಟ್ಟಿದ್ದಾರೆ, ದುರಸ್ತಿಯಾದ ಮೇಲೆ ಮೊದಲ ಗೂಡ್ಸ್ ಗಾಡಿ ಇನ್ನೇನು ಬರಬೇಕು, ಸೇತುವೆ ತಪಾಸಣೆ ಮಾಡುವವಳು ಕೆಳಗೆ ನಿಂತು ನೋಡಲೇಬೇಕು, ಸರಿ, ಆದರೆ ಮಗಳನ್ನೂ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾಳಲ್ಲ, ಬೇಡ ಅನ್ನುವವರು ಯಾರಿದ್ದಾರೆ, ಅನ್ನಲಿ ನೋಡೋಣ. ಈ ಹುಡುಗಿ ಸಂಶೋಧನೆಗೆ ಸೇರಿದಾಗ ಮನೆಯಲ್ಲಿ ಮೊದಲು ನಕ್ಕವಳು ತಾನೇ, ಅಡಿಗೆರೆಯ ಮೇಲಂತೆ ಸಂಶೋಧನೆ, ಜನ ಯಾವ ಸಾಲಿನ ಕೆಳಗೆ ಗೆರೆ ಎಳೀತಾರೆ, ಓದುವವರ ಕಣ್ಣು ಎಲ್ಲಿ ನಿಲ್ಲುತ್ತೆ, ಪುಣ್ಯಕ್ಕೆ ಅಲ್ಪವಿರಾಮದ ಮೇಲೆ ಮಾಡ್ಲಿಲ್ಲ ಬಿಡು ಅಂದಿದ್ದಳು — ಒಂದು ದಿನ ಮಗಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅಂಡರ್‌ಲೈನ್ ಎಂದು ಹುಡುಕಿದರೆ ಬಂದದ್ದೆಲ್ಲ ಸೇತುವೆ, ಹಳಿಯನ್ನು ಹೊತ್ತು ನಿಲ್ಲುವ ಇಂಥದ್ದಕ್ಕೆ ರೈಲ್ವೆಯವರ ಬಾಯಲ್ಲಿ ಅಂಡರ್‌ಲೈನ್ ಬ್ರಿಡ್ಜ್ ಅಂತಲೇ ಹೆಸರಲ್ಲವೇ, ಅಮ್ಮಾ, ಇಲ್ಲೂ ನೀನೇ ಬಂದು ಕೂತಿದ್ದೀಯಲ್ಲ, ನಿನ್ನ ವರದಿ ಒಂದು ಕೊಡು ನೋಡೋಣ. ಕೊಟ್ಟಳು, ಎದೆಯುಬ್ಬಿಸಿಯೇ ಕೊಟ್ಟಳು, ಸ್ಕೇಲಿಟ್ಟು ಎಳೆದ ಗೆರೆಗಳು, ತುಕ್ಕಿಗೆ ಗೆರೆ, ಸಡಿಲ ಬೋಲ್ಟಿಗೆ ಗೆರೆ, ಪಾರಿವಾಳ ಗೂಡು ಕಟ್ಟಿದೆ, ಅದಕ್ಕೂ ಗೆರೆ. ಅಮ್ಮಾ, ಎಲ್ಲದಕ್ಕೂ ಕೂಗಿಕೊಂಡ್ರೆ ಯಾರು ತಿರುಗಿ ನೋಡ್ತಾರೆ? ಸಿಟ್ಟು ನೆತ್ತಿಗೇರಿತ್ತು, ನೀನು ಹೊಟ್ಟೆಯಲ್ಲಿದ್ದಾಗಲೇ ನಾನು ಸೇತುವೆಯ ಗರ್ಡರ್ ಹತ್ತಿದವಳು ಕಣೇ, ಅಂದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಮಗಳೋ ಜಗಳ ಮುಂದುವರಿಸುವ ಬದಲು ಆ ವರದಿಯನ್ನು ಹತ್ತಾರು ಜನರ ಕೈಯಲ್ಲಿ ಓದಿಸಿ, ಏನು ನೆನಪಿದೆ ಎಂದು ಕೇಳಿ ಬಂದಳು — ಪಾರಿವಾಳ, ಅಮ್ಮ, ಎಲ್ಲರಿಗೂ ಪಾರಿವಾಳ. ನಗಬಾರದೆಂದು ತುಟಿ ಕಚ್ಚಿಕೊಂಡರೂ ಇಬ್ಬರಿಗೂ ತಡೆಯಲಾಗಲಿಲ್ಲ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡದ್ದು, ನಗು ಇಳಿದ ಮೇಲೆ ವರದಿಯನ್ನು ಮತ್ತೆ ತೆರೆದದ್ದು, ಏಕೆಂದರೆ ಬಿರುಕಿನ ಮಾತೂ ಅದರಲ್ಲಿತ್ತು, ಈ ಸೇತುವೆಯ ಬಿರುಕು, ಗರ್ಡರು ಕಂಬದ ಮೇಲೆ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು, ಅದು ಯಾರಿಗೂ ನೆನಪಿರಲಿಲ್ಲ, ಆ ವರದಿಗೆ ರುಜು ಹಾಕಿ ಫೈಲಿಗೆ ಸೇರಿಸಿಬಿಟ್ಟಿದ್ದ ಮುಖ್ಯ ಎಂಜಿನಿಯರರಿಗೂ. ಮರುದಿನವೇ ಏಣಿ ಹಾಕಿ ಹತ್ತಿದಳು, ಬಿರುಕಿನಲ್ಲಿ ಈಗ ಉಗುರು ಸಿಕ್ಕಿಕೊಳ್ಳುತ್ತಿದೆ, ಮೇಲೆ ಕಲ್ಲಿದ್ದಲ ಗಾಡಿ, ಕೆಳಗೆ ಶಾಲೆಯ ವ್ಯಾನುಗಳು, ಹೊಸ ವರದಿ ಬರೆಯುವಾಗ ಸ್ಕೇಲು ಹಿಡಿದ ಕೈ ಎಷ್ಟು ತುರಿಸಿತೆಂದು ಅವಳಿಗೇ ಗೊತ್ತು, ಆದರೂ ಎಳೆದದ್ದು ಒಂದೇ ಗೆರೆ: ಬಿರುಕು ಬೆಳೆದಿದೆ, ದುರಸ್ತಿಯಾಗುವವರೆಗೆ ಗಾಡಿ ಬಿಡಕೂಡದು. ಊಟದ ಡಬ್ಬಿ ತೆರೆಯುವ ಮುಂಚೆಯೇ ಮುಖ್ಯ ಎಂಜಿನಿಯರರ ಫೋನು, ಏನ್ರೀ ಇದು, ನಿಜಾನಾ? ನಿಜ ಸರ್. ಇಡೀ ಮಾರ್ಗ ನಿಲ್ಲಿಸಬೇಕಾಗುತ್ತೆ ಕಣ್ರೀ. ನಿಲ್ಲಿಸಿ ಸರ್. ನಿಲ್ಲಿಸಿದರು, ಬಣ್ಣ ಕೆರೆದು ನೋಡಿದರೆ ಬಿರುಕು ಅರ್ಧ ಗರ್ಡರ್ ತಿಂದಿತ್ತು, ಇನ್ನೆಷ್ಟು ಗಾಡಿ ತಾಳುತ್ತಿತ್ತೋ, ಯೋಚಿಸಬಾರದು ಈಗ — ಅಗೋ ಅವರೇ ಹಗ್ಗದಡಿ ನುಸುಳಿ ಬರುತ್ತಿದ್ದಾರೆ, ಇವರೇನಾ ನಿಮ್ಮ ಗೆರೆ ಡಾಕ್ಟರು? ಹೌದು ಸರ್, ನನ್ನ ಮಗಳು, ಅಂದು ಹುಡುಗಿಯ ಭುಜ ಹಿಡಿದು ಒಂದು ಹೆಜ್ಜೆ ಮುಂದಕ್ಕೆ ತಂದಳು. ಅಂಗಾಲಿನಲ್ಲಿ ಅದುರು, ಬಂತು, ಎಂಜಿನ್ನಿನ ಭಾರಕ್ಕೆ ಗರ್ಡರು ಎಷ್ಟು ಬೇಕೋ ಅಷ್ಟೇ ಬಾಗಿ ಮತ್ತೆ ತನ್ನ ಜಾಗಕ್ಕೆ, ಅವಳು ಆ ಬಾಗು ತೋರಿಸುವ ಅಳತೆಯ ಮುಳ್ಳಿನ ಮೇಲೆ ಕಣ್ಣಿಡಬೇಕು, ಇಟ್ಟಳು, ಸರಿಯಾಗಿದೆ, ಮತ್ತೆ ಪಕ್ಕಕ್ಕೆ ತಿರುಗಿದರೆ ಮಗಳ ಮುಖ, ಮೇಲೆತ್ತಿದ ಮುಖ, ಒಂದಿಷ್ಟೂ ಹೆದರಿಕೆಯಿಲ್ಲದೆ, ವ್ಯಾಗನ್ನುಗಳ ನಡುವಿನ ಸಂದಿಯಿಂದ ಅದರ ಮೇಲೆ ಬಿಸಿಲು, ನೆರಳು, ಬಿಸಿಲು, ಆ ಮುಖ, ನೆರಳು, ಬಿಸಿಲು, ಆ ಮುಖ —